ನಾ ಮುಂದ ನಿಂದರ್ತೀನಿ, ಆಮ್ಯಾಲ ತೆಗಿ

2020ರ ಅಕ್ಟೋಬರ್‌ದಾಗ ಭೀಮಾ ಹೊಳಿ ಊರೊಳಗ ಹೊಕ್ಕಿತ್ತಲ್ರಿ, ಮಹಾರಾಷ್ಟ್ರದಾಗ ಮಳಿ ಹೊಡದು ಉಜನಿ ಡ್ಯಾಮಿಂದ ನೀರು ಬಿಟ್ರು, ಅದು ಸೊನ್ನ ಬ್ಯಾರೇಜ್ ದಾಟಿ ಅಫಜಲಪುರ, ಜೇವರ್ಗಿ ಕಡಿ ಹೊಲ ಮನಿ ಎಲ್ಲಾ ನುಂಗ್ತು. ನೀರು ಇಳದ ಮ್ಯಾಲ ಕ್ಯಾಮೆರಾ ತಗೊಂಡು ಗೆಳ್ಯಾನ ಬೈಕ್ ಹತ್ತಿ ಜೇವರ್ಗಿ ಕಡಿ ಒಂದು ಹೊಳಿದಂಡಿ ಊರಿಗೆ ಹೋದೆ. ನಾ ಪೇಪರ್‌ನವ ಅಲ್ಲ, ಮದುವಿ ಫೋಟೋ ತೆಗಿಯಾಂವ, ನೋಡಬೇಕನಸ್ತು ಹೋದೆ, ಅಷ್ಟ.

ಒಂದು ಮನಿ ಮಾಳಗಿ ಕುಸದು ಬಿಸಲು ಒಳಗ ಬಿದ್ದಿತ್ತು. ಗ್ವಾಡಿಗೆ ಎದಿಮಟ ನೀರಿನ ಗೆರಿ, ಕೆಳಗ ಜ್ವಾಳದ ಚೀಲ, ಚೀಲದ ಸಂದಿನಾಗಿಂದ ಬೆಳ್ಳನ ಮೊಳಕಿ ಹೊರಗ ಬಂದಿದ್ವು. ಖರೇ ಹೇಳ್ತೀನಿ, ಛಂದ ಕಾಣ್ತಿತ್ತು. ಛಂದ ಕಾಣೂದೇ ತ್ರಾಸು ನೋಡ್ರಿ, ಕೊಳತ ಜ್ವಾಳದ ವಾಸನಿ ಫೋಟೋದಾಗ ಬರಂಗಿಲ್ಲ.

ಬಗ್ಗಿ ಫೋಕಸ್ ಮಾಡ್ಲಿಕತ್ತಿದ್ದೆ, ಹಿಂದಿಂದ ಒಬ್ಬಾಕಿ ಆಯಿ, "ತಮ್ಮಾ, ಬರೇ ಗ್ವಾಡಿ ಯಾಕ ತೆಗಿತಿ? ಮನಿ ನಂದು ಅಂತ ಹ್ಯಾಂಗ ಗೊತ್ತಾಗಬೇಕು? ತಡಿ, ನಾ ಮುಂದ ನಿಂದರ್ತೀನಿ" ಅಂದ್ಳು. ಪರಿಹಾರಕ್ಕ ತಲಾಟಿಗೆ ಫೋಟೋ ಕೊಡಬೇಕಂತ. ಸೆರಗು ಸರಿ ಮಾಡ್ಕೊಂಡು, ಪ್ಲಾಸ್ಟಿಕ್ ಹಾಳಿಯಾಗ ಸುತ್ತಿಟ್ಟ ರೇಷನ್ ಕಾರ್ಡ್ ಎದಿಗೆ ಹಿಡ್ಕೊಂಡು ನಿಂತ್ಳು. ಬೆಳಕು ಹಿಂದಿಂದ, ಮಾರಿ ಕರ್ರಗ ಬರ್ತಿತ್ತು, ಫ್ಲ್ಯಾಶ್ ಹಾಕ್ದೆ, ಫೋಟೋ ಸಪ್ಪಗ ಬಂತು. ಆಕಿಗೆ ಅದರ ಚಿಂತಿ ಇಲ್ಲ, ನೀರಿನ ಗೆರಿ ಕಾಣ್ತದೋ ಇಲ್ಲೋ ಅಂತ ಎರಡು ಸಲ ಕೇಳಿದ್ಳು.

1984ರ ಭೋಪಾಲ್ ಗ್ಯಾಸ್ ದುರಂತದಾಗ ಸತ್ತು ಮಣ್ಣಾಗ್ತಿದ್ದ ಒಂದು ಕೂಸಿನ ಮಾರಿ ರಘು ರಾಯ್, ಪಾಬ್ಲೋ ಬಾರ್ತಲೋಮ್ಯೂ ಅನ್ನೋ ಫೋಟೋಗ್ರಾಫರ್ ಇಬ್ರೂ ತೆಗದಾರ, ಪಾಬ್ಲೋ ತೆಗದಿದ್ದಕ್ಕ ವರ್ಲ್ಡ್ ಪ್ರೆಸ್ ಫೋಟೋ ಬಹುಮಾನನೂ ಬಂತು. ಆ ಮಾರಿ ಜಗತ್ತಿಗೆಲ್ಲಾ ಗೊತ್ತು, ಕೂಸು ಯಾರದು ಅಂತ ಮಾತ್ರ ಗೊತ್ತಿಲ್ಲ. ಅದನ್ನ ತೆಗಿಬಾರದಿತ್ತು ಅಂತ ನಾ ಅನ್ನಂಗಿಲ್ಲ, ಅದಿಲ್ಲಂದ್ರ ಭೋಪಾಲ್ ಅಂದಕೂಡ್ಲೆ ನಮ್ಮಂಥವ್ರ ಕಣ್ಣಿಗೆ ಏನೂ ಬರ್ತಿದ್ದಿಲ್ಲ. ಆದ್ರ ಹೆಸರು ಕೇಳಾಕ ಟೈಮ್ ಇದ್ದಾಗ್ಲೂ ಕೇಳದೆ, ಮನಿಯವ್ರು ಫ್ರೇಮ್‌ದಾಗ ಬಂದ್ರ "ಬಾಜೂಕ ಸರೀರಿ" ಅನ್ನೋ ಫೋಟೋದವ್ರನ್ನ ಅವತ್ತ ಅದೇ ಊರಾಗ ನೋಡ್ದೆ, ತಲಿ ಕೆಡ್ತು.

ಮೊಳಕಿ ಫೋಟೋ ಆಯಿಗೆ ತೋರಿಸ್ದೆ, ಯಾರಿಗರ ಕಳಸ್ಲೇನು ಅಂತ. "ಕಳಸು, ಮೊದಲ ನನಗೊಂದು ಕೊಡು, ಜ್ವಾಳದ್ದು ಬ್ಯಾರೆ ಬರಕೋತಾರೇನೋ" ಅಂದ್ಳು. ಅಷ್ಟರಾಗ ಓಣಿಯವ್ರೆಲ್ಲಾ ಆಧಾರ್ ಕಾರ್ಡ್ ಹಿಡ್ಕೊಂಡು ಬಂದು ನಮ್ಮನೀದೂ ತೆಗಿ ಅಂದ್ರು, ಬ್ಯಾಟರಿ ಮುಗಿಯೂತನಕ ತೆಗದೆ, ಪ್ರಿಂಟ್ ಹಾಕಿ ಕಳಸಿಕೊಟ್ಟೆ.