ಹಳೇ ರೋಡ್ ಬೈಕಿಗೆ ಗಟ್ಟಿ ಟಯರ್: ಮೊದಲು ರಿಮ್ ನೋಡಿ

ನಮ್ಮ ಮಾವ ಗಲ್ಫಿನಿಂದ ತಂದ ಹಳೇ ಸ್ಟೀಲ್ ರೋಡ್ ಬೈಕನ್ನು, ಅಂದರೆ ರಸ್ತೆಯಲ್ಲಿ ವೇಗವಾಗಿ ಓಡಿಸುವ ಹಗುರ ಸೈಕಲ್ಲನ್ನು, ಸರಿ ಮಾಡಿ ಓಡಿಸುತ್ತಿದ್ದೇನೆ ಅಂತ ಗೊತ್ತಾದ ಮೇಲೆ ಸುಮಾರು ಜನ ಕೇಳುವುದು ಒಂದೇ ಪ್ರಶ್ನೆ: ಪಂಕ್ಚರ್ ಆಗದ ಟಯರ್ ಯಾವುದು? ಅಂಥದ್ದು ಯಾವುದೂ ಇಲ್ಲ ಮಾರಾಯ್ರೆ. ಕಡಿಮೆ ಪಂಕ್ಚರ್ ಆಗುವ ಟಯರ್ ಉಂಟು. ಆದರೆ ಅದಕ್ಕಿಂತ ಮುಂಚೆ ನೋಡಬೇಕಾದದ್ದು ನಿಮ್ಮ ರಿಮ್.

1980ರ ದಶಕದವರೆಗಿನ ತುಂಬಾ ರೋಡ್ ಬೈಕುಗಳಲ್ಲಿ 27 ಇಂಚಿನ ಚಕ್ರ ಇರುತ್ತಿತ್ತು. ಆಮೇಲೆ ಬಂದವುಗಳಲ್ಲಿ ಹೆಚ್ಚಿನವು 700ಸಿ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಒಂದರ ಟಯರ್ ಇನ್ನೊಂದಕ್ಕೆ ಕೂರುವುದಿಲ್ಲ. ಟಯರಿನ ಬದಿಯಲ್ಲಿ 32-630 ಅಥವಾ 28-622 ಅಂತ ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ. ಅಡ್ಡಗೆರೆಯ ಮುಂಚಿನ ಸಂಖ್ಯೆ ಟಯರಿನ ಅಗಲ, ಆಮೇಲಿನದ್ದು ಟಯರ್ ರಿಮ್ಮಿನ ಮೇಲೆ ಕೂರುವ ಕಡೆಯ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. 630 ಅಂದರೆ 27 ಇಂಚು, 622 ಅಂದರೆ 700ಸಿ. ನಮ್ಮ ಪೇಟೆಯ ಅಂಗಡಿಗಳಲ್ಲಿ ಸಿಗುವ, ಹಾಲಿನವರ ಸೈಕಲ್ಲಿಗೆ ಹಾಕುವ 28 × 1½ ಟಯರಿನದ್ದು 635, ಅದು ಇವೆರಡಕ್ಕೂ ಆಗುವುದಿಲ್ಲ. ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ನಾನು ಹೋಗುವ ಅಂಗಡಿಯವರು ರಿಮ್ ನೋಡಿದ ಕೂಡಲೇ "ಇದು ನಮ್ಮ ಇಪ್ಪತ್ತೆಂಟು ಅಲ್ಲ, ಸುಮ್ನೆ ದುಡ್ಡು ಹಾಳು ಮಾಡ್ಬೇಡಿ" ಅಂತ ಹೇಳಿಬಿಟ್ಟರು.

27 ಇಂಚಿಗೆ ಈಗಲೂ ಒಳ್ಳೆ ಟಯರ್ ಬರುತ್ತದೆ. ಶ್ವಾಲ್ಬೆಯ ಮ್ಯಾರಥಾನ್, ಕಾಂಟಿನೆಂಟಲ್‌ನ ಗೇಟರ್‌ಸ್ಕಿನ್, ಪನರೇಸರ್‌ನ ಪಸೇಲಾ. ಆದರೆ ಆಯ್ಕೆ ಅಷ್ಟಕ್ಕೇ ಮುಗಿದ ಹಾಗೆ, ಅದೂ ತರಿಸಿಕೊಳ್ಳಬೇಕು. ನಿಮ್ಮದು ಕ್ರೋಮ್ ಬಳಿದ ಸ್ಟೀಲ್ ರಿಮ್ ಆಗಿದ್ದರೆ ನನ್ನ ಸಲಹೆ ಬೇರೆಯೇ: ಟಯರಿಗೆ ಖರ್ಚು ಮಾಡುವ ಮೊದಲು ಚಕ್ರವನ್ನೇ ಅಲ್ಯೂಮಿನಿಯಂ ರಿಮ್ಮಿನ 700ಸಿಗೆ ಬದಲಿಸಿ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರು ನಮ್ಮದು. ಒದ್ದೆಯಾದ ಸ್ಟೀಲ್ ರಿಮ್ಮಿನ ಮೇಲೆ ಬ್ರೇಕ್ ರಬ್ಬರ್ ಹಿಡಿಯುವುದೇ ಇಲ್ಲ ಅನ್ನಬಹುದು, ಇಳಿಜಾರಿನಲ್ಲಿ ಜೀವ ಬಾಯಿಗೆ ಬರುತ್ತದೆ. ಹಳೇ ಸ್ಟೀಲ್ ರಿಮ್ಮುಗಳ ಒಳಅಂಚಿನಲ್ಲಿ ಟಯರನ್ನು ಹಿಡಿದುಕೊಳ್ಳುವ ಕೊಕ್ಕೆಯೂ ಇರುವುದಿಲ್ಲ, ಜಾಸ್ತಿ ಗಾಳಿ ಹಾಕಿದರೆ ಟಯರ್ ಹಾರಿಬಿಡಬಹುದು. 700ಸಿ ಹಾಕಿದರೆ ಬ್ರೇಕ್ ರಬ್ಬರನ್ನು 4 ಮಿಲಿಮೀಟರ್ ಕೆಳಗೆ ಇಳಿಸಬೇಕು ಅಷ್ಟೆ, ಹೆಚ್ಚಿನ ಹಳೇ ಬ್ರೇಕುಗಳಲ್ಲಿ ಅಷ್ಟು ಜಾಗ ಇರುತ್ತದೆ. ಟಯರಿನ ಮೇಲೂ ಅಷ್ಟೇ ಜಾಗ ಹೆಚ್ಚುವರಿ ಸಿಗುತ್ತದೆ, ಅಗಲದ ಟಯರ್ ಹಾಕಲಿಕ್ಕೆ ಅದು ಒಳ್ಳೆಯದೇ ಆಯಿತಲ್ವಾ.

ಇನ್ನು ಪಂಕ್ಚರ್. ನಮ್ಮ ಕಡೆ ಜನ ಮೊಳೆ ಮೊಳೆ ಅಂತಾರೆ, ಆದರೆ ನನ್ನ ಟಯರಿನಿಂದ ಜಾಸ್ತಿ ಹೊರಬಂದದ್ದು ತಂತಿ. ಲಾರಿಯ ರೇಡಿಯಲ್ ಟಯರ್ ಒಡೆದಾಗ ಒಳಗಿನ ಸ್ಟೀಲ್ ಎಳೆಗಳು ರಸ್ತೆ ಬದಿಯಲ್ಲಿ ಚೆಲ್ಲಿಹೋಗುತ್ತವೆ. ಹೆದ್ದಾರಿ 66ರ ಅಗಲೀಕರಣ ಶುರುವಾದ ಮೇಲೆ ಕಂಬಿ ಕಟ್ಟುವ ಬೈಂಡಿಂಗ್ ವಯರಿನ ತುಂಡುಗಳೂ ಸೇರಿಕೊಂಡವು. ಲಾರಿ ಟಯರಿನ ಎಳೆಗಳಂತೂ ಕೂದಲಿನಷ್ಟು ತೆಳು, ಅಕ್ಕಿಕಾಳಿಗಿಂತ ಗಿಡ್ಡ. ಹೊರಗಿನಿಂದ ನೋಡಿದರೆ ಕಾಣುವುದೇ ಇಲ್ಲ. ಟ್ಯೂಬ್ ತೆಗೆದು, ಟಯರಿನ ಒಳಗೆ ಸ್ವಲ್ಪ ಹತ್ತಿ ಹಿಡಿದು ಸುತ್ತ ಸವರಿಕೊಂಡು ಬನ್ನಿ. ತಂತಿಯ ತುದಿ ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಚಿಮ್ಮಟದಿಂದ ಅದನ್ನು ಎಳೆದು ತೆಗೆಯದೆ ಬರೀ ಪ್ಯಾಚ್ ಹಾಕಿದರೆ ಮನೆ ಮುಟ್ಟುವ ಮೊದಲೇ ಮತ್ತೆ ಗಾಳಿ ಹೋಗಿರುತ್ತದೆ. ಮಳೆಗಾಲದಲ್ಲಿ ಗಾಜಿನ ಚೂರಿನ ಕಾಟ ಬೇರೆ. ಒದ್ದೆ ರಬ್ಬರನ್ನು ಗಾಜು ಸುಲಭವಾಗಿ ಕೊಯ್ಯುತ್ತದೆ, ಚೂರುಗಳು ಟಯರಿಗೆ ಅಂಟಿಕೊಂಡೂ ಬರುತ್ತವೆ.

ಇದಕ್ಕೆಲ್ಲ ಮದ್ದು ಟಯರಿನ ಮೇಲ್ಪದರದ ಕೆಳಗಿರುವ ಪಟ್ಟಿ. ಮ್ಯಾರಥಾನ್ ಪ್ಲಸ್‌ನಲ್ಲಿ ಅದು 5 ಮಿಲಿಮೀಟರ್ ದಪ್ಪದ ನೀಲಿ ರಬ್ಬರ್, ಸಣ್ಣ ತಂತಿ ಅದನ್ನು ದಾಟಿ ಟ್ಯೂಬ್ ಮುಟ್ಟುವುದು ಕಷ್ಟ. ಆದರೆ 28ರ ಅಗಲದಲ್ಲೇ ಒಂದು ಟಯರ್ 700 ಗ್ರಾಂ ದಾಟುತ್ತದೆ. ಗೇಟರ್‌ಸ್ಕಿನ್‌ನದ್ದು ತೆಳು ನೇಯ್ಗೆಯ ಪಟ್ಟಿ, ಮಡಚುವ ಮಾದರಿಯಾದರೆ ತೂಕ 300 ಗ್ರಾಂ ಆಸುಪಾಸು. ನನ್ನ ಕೇಳಿದರೆ ಹಳೇ ರೋಡ್ ಬೈಕಿಗೆ ಮ್ಯಾರಥಾನ್ ಪ್ಲಸ್ ಬೇಡ. ಆ ಬೈಕನ್ನು ಇಟ್ಟುಕೊಂಡಿರುವುದೇ ಅದು ಹಗುರವಾಗಿ ಓಡುತ್ತದೆ ಅಂತ, ಅಲ್ವಾ? ದಿನಾ ಕೆಲಸಕ್ಕೆ ಹೋಗುವವರಿಗೆ, ಹೊತ್ತು ಮೀರಿದರೆ ಬೈಸಿಕೊಳ್ಳುವವರಿಗೆ ಅದು ಸರಿ.

ಕೆವ್ಲರ್ (ಗಟ್ಟಿ ಕೃತಕ ನಾರು) ಅಂತ ಬರೆದದ್ದೆಲ್ಲ ಪಂಕ್ಚರ್ ತಡೆಯುವುದಿಲ್ಲ. ಮಡಚುವ ಟಯರಿನಲ್ಲಿ ಅಂಚಿನ ಸ್ಟೀಲ್ ತಂತಿಯ ಬದಲು ಕೆವ್ಲರ್ ಹಾಕಿರುತ್ತಾರೆ, ಅದು ಟಯರ್ ಮಡಚಲಿಕ್ಕೆ, ತೂಕ ಇಳಿಸಲಿಕ್ಕೆ ಮಾತ್ರ. ಪಟ್ಟಿ ಎಲ್ಲಿದೆ, ಮಧ್ಯದಲ್ಲಿ ಮಾತ್ರವಾ ಅಥವಾ ಬದಿಗೂ ಉಂಟಾ ಅಂತ ಕೇಳಿ ತಗೊಳ್ಳಿ. ಕೆಂಪುಕಲ್ಲಿನ ದಾರಿಯಲ್ಲಿ ಹೋಗುವವರಾದರೆ ಬದಿ ಗಟ್ಟಿ ಇರುವುದು ಮುಖ್ಯ.

ನಾನು ಹಾಕಿರುವುದು ಪಟ್ಟಿ ಇರುವ 28ರ ಟಯರ್. ಫ್ರೇಮಿನಲ್ಲಿ ಜಾಗ ಇದ್ದಿದ್ದರೆ 32 ಹಾಕುತ್ತಿದ್ದೆ. ಯಾಕೆಂದರೆ ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಬೀಳುವುದು ಮುಳ್ಳಿನಿಂದಲ್ಲ, ಗುಂಡಿಗೆ ಬಿದ್ದಾಗ ರಿಮ್ ಟ್ಯೂಬನ್ನು ಕಚ್ಚುವುದರಿಂದ. ಅದಕ್ಕೆ ಯಾವ ಪಟ್ಟಿಯೂ ಆಗುವುದಿಲ್ಲ, ಟಯರಿನ ಅಗಲ ಮತ್ತು ಸರಿಯಾದ ಗಾಳಿಯೇ ಬೇಕು. ನನ್ನ ತೂಕಕ್ಕೆ ಹಿಂದೆ 75, ಮುಂದೆ 65 ಪಿಎಸ್‌ಐ ಸಾಕಾಗುತ್ತದೆ. 100 ಹಾಕುವವರು ಇದ್ದಾರೆ, ಬೆನ್ನು ಅವರದ್ದು. ತೂತು ಟ್ಯೂಬಿನ ಒಳಬದಿಯಲ್ಲಿ, ಅಂದರೆ ರಿಮ್ಮಿನ ಕಡೆ ಇದ್ದರೆ ಟಯರನ್ನು ಬೈಯಬೇಡಿ, ಹೆಚ್ಚಾಗಿ ರಿಮ್ ಟೇಪ್, ಅಂದರೆ ಕಡ್ಡಿಯ ತುದಿಗಳು ಟ್ಯೂಬಿಗೆ ತಾಗದ ಹಾಗೆ ರಿಮ್ಮಿನೊಳಗೆ ಸುತ್ತುವ ಪಟ್ಟಿ, ಸರಿದಿರುತ್ತದೆ.

ಹಿಂದಿನ ಟಯರ್ ಬೇಗ ಸವೆಯುತ್ತದೆ. ಆಗ ಹೊಸದನ್ನು ಹಿಂದಕ್ಕೆ ಹಾಕಬೇಡಿ. ಮುಂದಿನದ್ದನ್ನು ಹಿಂದಕ್ಕೆ ಹಾಕಿ, ಹೊಸದು ಮುಂದೆ ಇರಲಿ. ಹಿಂದಿನ ಟಯರ್ ಒಡೆದರೆ ಹೇಗೋ ನಿಲ್ಲಿಸಬಹುದು, ಮುಂದಿನದ್ದು ಒಡೆದರೆ ಬೀಳುವುದೇ.