ಕೂದಲ ಚೈನು: ಕೊನೆಗೂ ಕ್ಯಾಪ್ ನಿಂತಿತು

ಮನುಷ್ಯರ ಕೂದಲು ಹೆಣೆದು ನಾನು ಮಾಡುವ ಚೈನಿನ ತುದಿಯ ಹಿತ್ತಾಳೆ ಕ್ಯಾಪ್ ಕಳಚಿ ಬೀಳುವ ಕಾಟ ಮುಗಿಯಿತು. ಕೂದಲನ್ನು ಸೋಡಾ ಪುಡಿ ಹಾಕಿದ ನೀರಲ್ಲಿ ಕುದಿಸಿ ಜಿಡ್ಡು ತೆಗೆಯುವುದು, ಎಳೆ ಸುತ್ತಿದ ಬಾಬಿನ್‌ಗೆ (ಉರುಳೆಗೆ) ಭಾರಕ್ಕೆ ಸೀಸ ಕಟ್ಟುವುದು, ನಡುವೆ ತೂತಿರುವ ಮೇಜಿನ ಮೇಲೆ ಹೆಣೆಯುವುದು ಎಲ್ಲ ಮಾಮೂಲಿ ಕೆಲಸ, ಅದನ್ನು ಬಿಡಿ.

ನನ್ನ ತಲೆ ತಿಂದದ್ದು ಹಾಸನದ ಮಳೆಗಾಲ. ಅರಗು ತುಂಬಿ ಕ್ಯಾಪ್ ಕೂರಿಸಿದ ದಿನ ಗಟ್ಟಿಯಾಗಿರುತ್ತದೆ, ಆಮೇಲೆ ಚೆನ್ನಾಗಿ ಬಿಸಿಲು ಬಿತ್ತೆಂದರೆ ಎಳೆಯುವುದೂ ಬೇಡ, ಕೈಗೇ ಬರುತ್ತದೆ. ಬೇರೆ ಅಂಗಡಿಯ ಅರಗು, ಎಪಾಕ್ಸಿ ಅಂಟು, ಎಲ್ಲ ಆಯಿತು. ವಿಷಯ ಅಂಟಿನದ್ದಲ್ಲ, ಕೂದಲಿನದ್ದು. ಅದು ಗಾಳಿಯ ತೇವ ಕುಡಿಯುತ್ತದೆ. ಪೂರ್ತಿ ನೆಂದರೂ ಉದ್ದ ಹೆಚ್ಚುವುದು ಸುಮಾರು ಶೇ. 2 ಅಷ್ಟೇ, ಆದರೆ ದಪ್ಪ ಶೇ. 14ರ ಆಸುಪಾಸು ಹೆಚ್ಚುತ್ತದೆ! ಉಬ್ಬಿದ ಎಳೆಗೆ ಅರಗು ಹಾಕಿದರೆ, ಒಣಗಿದಾಗ ಒಳಗೆ ಸಂದು ಬೀಳದೆ ಇರುತ್ತದಾ?

ಈಗ ಹೆಣೆದದ್ದನ್ನು, ಹೆಣೆಯುವಾಗ ಒಳಗಿಟ್ಟ ಕಡ್ಡಿಯಿಂದ ಬಿಚ್ಚದೆ ಕುದಿಸಿ, ಸಣ್ಣ ಉರಿಯ ಓವನ್ನಿನಲ್ಲಿ ಒಣಗಿಸಿ, ಹೊರಗೆ ತೆಗೆದ ತಕ್ಷಣ ಕ್ಯಾಪ್ ಹಾಕುತ್ತೇನೆ. ಇನ್ನು ಮಳೆ ಬಂದರೆ ಬರಲಿ, ಕೂದಲು ಉಬ್ಬಿ ಇನ್ನೂ ಬಿಗಿಯಾಗುತ್ತದೆ.

ಕೂದಲು ಮಾರುವವರ ಕಥೆ ಬೇರೆ. "ನೂರಕ್ಕೆ ನೂರು ಅಸಲಿ" ಅಂತ ಕಳಿಸಿದ ಕಟ್ಟಿನಲ್ಲಿ ಒಂದೆಳೆ ಸುಟ್ಟು ನೋಡಿದೆ. ಕರಗಿ ಮಣಿಯಾಯಿತು, ಪ್ಲಾಸ್ಟಿಕ್! 19ನೇ ಶತಮಾನದ ಇಂಗ್ಲೆಂಡಿನಲ್ಲೂ ಇಂಥದ್ದೇ ಗುಮಾನಿ ಇತ್ತು. 1861ರಲ್ಲಿ ಗಂಡ ಆಲ್ಬರ್ಟ್ ಸತ್ತ ಮೇಲೆ ವಿಕ್ಟೋರಿಯಾ ರಾಣಿ 1901ರಲ್ಲಿ ತಾನು ಸಾಯುವ ತನಕ ಶೋಕದ ಕಪ್ಪು ಬಟ್ಟೆ ಬಿಡಲಿಲ್ಲ. ಶೋಕದ ಒಡವೆಗೆ ಬೇಡಿಕೆ ಏರಿತು. ಅಲ್ಲಿನ ವಿಟ್ಬಿ ಊರಿನ ಜೆಟ್ ಎಂಬ ಕರಿ ಕಲ್ಲು ಒಂದು ಕಡೆ, ಸತ್ತವರ ಕೂದಲಿನ ಬ್ರೂಚು, ಚೈನು ಇನ್ನೊಂದು ಕಡೆ. ಅಂಗಡಿಗೆ ಕೊಟ್ಟರೆ ನಮ್ಮವರದ್ದರ ಬದಲು ಯಾರದ್ದೋ ಕೂದಲು ಹೆಣೆದು ಕೊಟ್ಟಾರು ಅನ್ನುವ ಭಯಕ್ಕೇ ಎಷ್ಟೋ ಹೆಂಗಸರು ಮನೆಯಲ್ಲೇ ಹೆಣೆಯಲು ಕಲಿತರು. ನಮ್ಮಜ್ಜಿಗೆ ಇದನ್ನು ಹೇಳಿದರೆ, "ಸತ್ತೋರ ಕೂದ್ಲು ಮನೇಲಿ ಇಟ್ಕೋತಾರೇನೋ? ಥೂ!" ಅಂದರು. ನಮ್ಮಲ್ಲಿ ಬದುಕಿರುವವರು ತಲೆ ಬೋಳಿಸುತ್ತಾರೆ, ಅಲ್ಲಿ ಸತ್ತವರ ಕೂದಲು ಉಳಿಸುತ್ತಾರೆ. ನನಗೆ ಎರಡೂ ವಿಚಿತ್ರವಾಗಿಯೇ ಕಾಣುತ್ತದೆ.

ಅಂದ ಹಾಗೆ, ನನಗೆ ಕಾಟ ಕೊಟ್ಟ ಇದೇ ಗುಣದಿಂದ 1783ರ ಹೊತ್ತಿಗೇ ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಯೂರ್ ಗಾಳಿಯ ತೇವ ಅಳೆಯುವ ಯಂತ್ರ ಮಾಡಿದ್ದ. ಒಂದು ಕೂದಲು, ಒಂದು ರಾಟೆ, ಒಂದು ಮುಳ್ಳು ಇದ್ದರೆ ಸಾಕು. ಮುಂದಿನ ಕೆಲಸ ಅದೇ. ಸಕಲೇಶಪುರದಲ್ಲಿ ಮಾವನ ಕಾಫಿ ಗೋಡೌನಿನಲ್ಲಿ ನೇತುಹಾಕಿ, ಮುಳ್ಳು ಎಲ್ಲಿಗೆ ಹೋಗಿ ಸಿಕ್ಕಿಕೊಳ್ಳುತ್ತದೋ ನೋಡಬೇಕು.

ಉದ್ದ ಕೂದಲು ಕತ್ತರಿಸಿಕೊಳ್ಳುವವರು ಯಾರಾದರೂ ಇದ್ದರೆ ಹೇಳಿ. ಬದಲಿಗೆ ಸ್ಟೀಲ್ ಡಬ್ಬಿ ಕೊಡುತ್ತೇನೆ.