ಆಲೆಮನೆಯ ಗಾಣಕ್ಕೆ ಆಚಾರ್ರು ಹಾಕಿದ ಬೆಸುಗೆ

ಮಂಡ್ಯದ ಹತ್ತಿರ ನಮ್ಮ ಭಾವನ ಆಲೆಮನೆ ಇದೆ. ಹೋದ ಜನವರಿಯಲ್ಲಿ ನಾನು ಹೋದಾಗ ಗಾಣ ನಿಂತುಹೋಗಿತ್ತು. ಅಂಗಳದಲ್ಲಿ ಎರಡು ಲೋಡು ಕಬ್ಬು ಬಿದ್ದಿತ್ತು. ಕಡಿದ ಕಬ್ಬು ಒಣಗಿದರೆ ಹಾಲೂ ಕಮ್ಮಿ, ಬೆಲ್ಲವೂ ಕೆಡುತ್ತೆ. ಭಾವನ ಮುಖ ನೋಡೋಕೆ ಆಗ್ತಿರಲಿಲ್ಲ.

ರೋಲರಿನ ಬೇರಿಂಗ್ ಕೂರುವ ಬ್ರಾಕೆಟ್ಟು ಬಿರುಕು ಬಿಟ್ಟಿತ್ತು. ಎರಕ ಹೊಯ್ದು ಮಾಡುವ ಬೀಡು ಕಬ್ಬಿಣದ್ದು (ಕಾಸ್ಟ್ ಐರನ್). ಹಿಂದಿನ ದಿನವೇ ಯಾರ ಹತ್ತಿರವೋ ವೆಲ್ಡಿಂಗ್ ಮಾಡಿಸಿದ್ದರು. ಗಾಣ ತಿರುಗಿ ಅರ್ಧ ಗಂಟೆ ಆಗಿರಲಿಲ್ಲ, ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳಿತ್ತು. ಹಳೇ ಗಾಣ ಅದು. ಆ ಅಳತೆಯ ಬ್ರಾಕೆಟ್ಟು ಈಗ ಎಲ್ಲಿಯೂ ಸಿಗೋದಿಲ್ಲ.

ಆಮೇಲೆ ಆಚಾರ್ರು ಬಂದರು. ಅರವತ್ತು ದಾಟಿದವರು. ಬಂದವರೇ ಸಣ್ಣ ಸುತ್ತಿಗೆಯಿಂದ ಬ್ರಾಕೆಟ್ಟನ್ನು ಅಲ್ಲಲ್ಲಿ ತಟ್ಟಿದರು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮಜ್ಜಿ ಹೀಗೇ ತಟ್ಟಿ ನೋಡ್ತಿದ್ದಳು. ಒಂದು ಕಡೆ ಟಣ್ ಅಂತು. ಇನ್ನೊಂದು ಕಡೆ ಒಡಕು ಸದ್ದು. "ಕಣ್ಣಿಗೆ ಕಾಣೋದಕ್ಕಿಂತ ಬಿರುಕು ಉದ್ದ ಐತೆ ಕಣಪ್ಪ" ಅಂದರು.

ಅಲ್ಲಿಗೆ ಡೀಸೆಲ್ ಸವರಿದರು. ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ನಮ್ಮಕ್ಕನ ಮಗಳ ಸೀಮೆಸುಣ್ಣ ಪುಡಿ ಮಾಡಿ ಉಜ್ಜಿದರು. ಒಳಗೆ ಇಳಿದಿದ್ದ ಡೀಸೆಲ್ ಮೆಲ್ಲಗೆ ಹೊರಗೆ ಬಂತು. ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡಿತು. ನಾವು ಅಂದುಕೊಂಡಿದ್ದಕ್ಕಿಂತ ಒಂದೂವರೆ ಇಂಚು ಮುಂದಕ್ಕೆ! ಆ ಗೆರೆ ಮುಗಿಯುವ ಕಡೆ ಸಣ್ಣ ತೂತು ಕೊರೆದರು. ಬಿರುಕಿನ ಚೂಪು ತುದಿ ಆ ತೂತಿಗೆ ಬಂದು ನಿಂತುಬಿಡುತ್ತೆ, ಮುಂದೆ ಓಡೋದಿಲ್ಲ.

ಹಳೇ ಬೆಸುಗೆಯನ್ನೆಲ್ಲ ಗ್ರೈಂಡರಿನಲ್ಲಿ ಕೆತ್ತಿ ತೆಗೆದರು. ಒಣ ಕಬ್ಬಿನ ಸಿಪ್ಪೆಗೆ ಬೆಂಕಿ ಹಾಕಿ, ಒಳಗೆ ಕುಡಿದುಕೊಂಡಿದ್ದ ಎಣ್ಣೆ, ಗ್ರೀಸು ಸುಡಿಸಿದರು. ಅದು ಆರುವಾಗ, ಮೊದಲ ಬೆಸುಗೆ ಯಾಕೆ ನಿಲ್ಲಲಿಲ್ಲ ಅಂತ ನಾನು ಕೇಳಿದೆ, ಅವರು ವಿವರಿಸಿದರು. ಗೇಟು, ಕಿಟಕಿಗೆ ಬಳಸುವ ಕಬ್ಬಿಣ ಎಳೆದರೆ ಹಿಗ್ಗುತ್ತೆ. ಬೀಡಿನಲ್ಲಿ ಇಂಗಾಲ 2ರಿಂದ 4 ಪರ್ಸೆಂಟ್ ಇರುತ್ತೆ, ಅದು ಹಿಗ್ಗೋದೇ ಇಲ್ಲ. ಬೆಸುಗೆ ಆರುತ್ತಾ ಕುಗ್ಗಿ ಎಳೆದರೆ ಪಕ್ಕದಲ್ಲೇ ಟಿಕ್ ಅಂತ ಸೀಳುತ್ತೆ. ಸಾದಾ ವೆಲ್ಡಿಂಗ್ ರಾಡು ಹಾಕಿದರಂತೂ ಆ ಇಂಗಾಲ ಬೆಸುಗೆಗೂ ಸೇರಿ, ಅದೂ ಗಾಜಿನ ಹಾಗೆ ಪೆಡಸಾಗುತ್ತೆ. ಅದಕ್ಕೇ ನಿಕ್ಕಲ್ ರಾಡು ತಂದಿದ್ದರು. ದುಬಾರಿ ಮಾಲು.

ನನಗೂ ಒಂದು ಶೀಲ್ಡು ಕೊಟ್ಟರು. ಕರಿ ಗಾಜಿನೊಳಗಿಂದ ಕಡಲೆಕಾಳಿನಷ್ಟು ಕರಗಿದ ಲೋಹ ಮಾತ್ರ ಕಾಣ್ತಿತ್ತು. ರಾಡು ಉರಿದು ಗಿಡ್ಡ ಆಗ್ತಾ ಇರುತ್ತೆ. ಅದು ಗಿಡ್ಡ ಆದಷ್ಟೂ ಕೈ ಕೆಳಗಿಳಿಯಬೇಕು, ಜೊತೆಗೇ ಪಕ್ಕಕ್ಕೂ ಸರಿಯಬೇಕು. ಹತ್ತಿರ ಹೋದರೆ ರಾಡು ಅಂಟಿಕೊಳ್ಳುತ್ತೆ, ದೂರ ಆದರೆ ಕಿಡಿ ಚೆಲ್ಲುತ್ತೆ. ಆಚಾರ್ರ ಕೈಯಲ್ಲಿ ಆ ಸಂದು ಕೊನೆವರೆಗೂ ಒಂದೇ ಥರ ಇತ್ತು. ನಾನಂತೂ ಉಸಿರು ಬಿಗಿಹಿಡಿದು ನೋಡಿದೆ.

ಒಂದು ಇಂಚು ಆಯ್ತು, ನಿಲ್ಲಿಸಿದರು. ಬೆಸುಗೆ ಬಿಸಿ ಇರುವಾಗಲೇ ಸುತ್ತಿಗೆಯಲ್ಲಿ ಟಕ ಟಕ ಅಂತ ಹಗುರವಾಗಿ ಬಡಿದರು. ಕುಗ್ಗೋಕೆ ಹೊರಟಿದ್ದ ಲೋಹವನ್ನು ಬಡಿದು ಹಿಗ್ಗಿಸೋದು. ಆಮೇಲೆ ಸುಮ್ನೆ ಕೂತರು.

"ಆಚಾರ್ರೇ, ಕಬ್ಬು ಒಣಗ್ತಾ ಐತೆ. ಒಂದೇ ಸಲ ಎಳೆದುಬಿಡಿ" ಅಂದರು ಭಾವ.

"ಬೀಡು ಅವಸರ ಕೇಳಲ್ಲ ಸ್ವಾಮಿ. ಕೈ ಇಟ್ಟು ನೋಡಿ, ತಡೀತದಾ?"

ಭಾವ ಕೈ ಇಟ್ಟು ಹಿಂದಕ್ಕೆ ಎಳೆದುಕೊಂಡರು. ಕೈ ಇಡುವಷ್ಟು ಆರಿದ ಮೇಲೇ ಮುಂದಿನ ಇಂಚು. ಅದೂ ಪಕ್ಕದ್ದಲ್ಲ, ಬಿರುಕಿನ ಆ ತುದಿಯದ್ದು. ಎಂಟು ಇಂಚಿನ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯಿತು. ರಾಡು ಉರಿದಿದ್ದಕ್ಕಿಂತ ಅವರು ಕಾದಿದ್ದೇ ಜಾಸ್ತಿ. ಆದರೆ ಕಾಯುವಾಗಲೂ ಕಿವಿ ಆ ಕಡೆಗೇ ಇತ್ತು, ಎಲ್ಲಾದರೂ ಟಿಕ್ ಅಂದೀತಾ ಅಂತ. ನಮಗೂ ಮಾತಾಡೋಕೆ ಬಿಡಲಿಲ್ಲ.

ಸಂಜೆ ಒಲೆಯ ಬೆಚ್ಚನೆ ಬೂದಿಯಲ್ಲಿ ಬ್ರಾಕೆಟ್ಟನ್ನು ಹೂತಿಟ್ಟರು, ಗಾಳಿ ತಾಗದೆ ನಿಧಾನವಾಗಿ ಆರಲಿ ಅಂತ. ಬೆಳಿಗ್ಗೆ ತೆಗೆದಾಗ ಬೆಸುಗೆ ನೋಡೋಕೇನೂ ಚೆಂದ ಇರಲಿಲ್ಲ. ಮೈತುಂಬ ಸುತ್ತಿಗೆ ಗುರುತು. ಆಚಾರ್ರು ತಟ್ಟಿದರು. ಟಣ್. ಸುತ್ತಿಗೆ ನನ್ನ ಕೈಗೂ ಕೊಟ್ಟರು. ನಾನು ತಟ್ಟಿದಾಗಲೂ ಟಣ್.

ಗಾಣ ಶುರುವಾದ ಮೇಲೂ ಅವರು ಹೊರಡಲಿಲ್ಲ. ಬ್ರಾಕೆಟ್ಟಿನ ಹೊರಮೈ ಮೇಲೆ ಅಂಗೈ ಇಟ್ಟುಕೊಂಡು, ಮೊದಲ ಕೊಪ್ಪರಿಗೆ ತುಂಬೋವರೆಗೂ ನಿಂತೇ ಇದ್ದರು.